ಕೊಲೆ ಕೇಸು ಹಿಂಬಾಲಿಸುವ ಹುಚ್ಚಿದೆಯಾ? ಕೇಸು ಕೆಡಿಸದೆ ನೋಡುವುದು ಹೀಗೆ

ನನಗೂ ಈ ಹುಚ್ಚಿದೆ, ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಹನ್ನೊಂದಕ್ಕೆ ಒಂದೇ ಒಂದು ಎಪಿಸೋಡ್ ಅಂತ ಶುರು ಮಾಡಿ, ಎರಡು ಗಂಟೆಗೆ ಯಾವುದೋ ದೇಶದ ಯಾವುದೋ ಊರಿನ ನಕ್ಷೆ ತೆರೆದುಕೊಂಡು, ಆ ಮನೆಯಿಂದ ಈ ರಸ್ತೆಗೆ ಏಳು ನಿಮಿಷದಲ್ಲಿ ಹೋಗಲು ಆಗುತ್ತಾ ಅಂತ ಲೆಕ್ಕ ಹಾಕುತ್ತಾ ಕೂತವನು ನಾನು. ಹಾಗಾಗಿ ಇದನ್ನೆಲ್ಲ ನೋಡಬೇಡಿ ಅಂತ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಧಾರಾಳವಾಗಿ ನೋಡಿ. ಆದರೆ ಕೇಸು ಇನ್ನೂ ಕೋರ್ಟಿನಲ್ಲಿದ್ದರೆ ಬಾಯಿಯನ್ನು, ಅದಕ್ಕಿಂತ ಜಾಸ್ತಿ ಬೆರಳನ್ನು, ಸ್ವಲ್ಪ ಹಿಡಿತದಲ್ಲಿಡಿ.

ಯಾಕೆಂದರೆ ನಾವು ಹೊರಗೆ ಕೂತು ಆಡಿದ ಮಾತು ಹೊರಗೇ ಉಳಿಯುವುದಿಲ್ಲ. ಎರಡು ಮೂರು ವರ್ಷ ಬಿಟ್ಟು ಅದು ಕಟಕಟೆಯ ಹತ್ತಿರ ಬರುತ್ತದೆ. ಆರೋಪಿ ಪರ ವಕೀಲರು ಎದ್ದು ನಿಂತು ಸಾಕ್ಷಿಯನ್ನು ಕೇಳುತ್ತಾರೆ: 'ಇದನ್ನು ನೀವು ಕಣ್ಣಾರೆ ಕಂಡಿರೋ, ಮೊಬೈಲಿನಲ್ಲಿ ನೋಡಿದಿರೋ?' ಅಲ್ಲಿ ಸಾಕ್ಷಿ ಒಂದು ಕ್ಷಣ ತಡವರಿಸಿದರೆ ಸಾಕು. 'ಅವನಿಗೆ ಶಿಕ್ಷೆ ಆಗಲೇಬೇಕು' ಅಂತ ಬೊಬ್ಬೆ ಹೊಡೆದವರೇ ಅವನ ವಕೀಲರ ಕೈಗೆ ಅಸ್ತ್ರ ಕೊಟ್ಟಿರುತ್ತಾರೆ. ಕೆಳಗೆ ನಾನು ಹೇಳುವ ಎಲ್ಲದರ ಹಿಂದೆಯೂ ಒಂದೇ ಪರೀಕ್ಷೆ ಇದೆ. ನಾನೀಗ ಮಾಡುತ್ತಿರುವುದು ನಾಳೆ ಪಾಟೀಸವಾಲಿನಲ್ಲಿ ಬಂದರೆ ಯಾರಿಗೆ ಲಾಭ?

ಕೇಸು ಎಲ್ಲಿಗೆ ಬಂದಿದೆ ಅಂತ ಮೊದಲು ನೋಡಿ

ನೂರು ವರ್ಷದ ಹಿಂದಿನ ಕೇಸು, ಸಂಬಂಧಪಟ್ಟವರು ಯಾರೂ ಬದುಕಿಲ್ಲ ಅಂದರೆ ನೀವು ಏನು ಊಹೆ ಮಾಡಿದರೂ ಯಾರಿಗೂ ನಷ್ಟವಿಲ್ಲ. ಬಂಧನ ಆಗಿ ವಿಚಾರಣೆ ಶುರುವಾಗದ ಕೇಸು ಅಂದರೆ ಅದು ಹಸಿ ಗಾರೆ ಇದ್ದಂತೆ, ಯಾರು ಕಾಲಿಟ್ಟರೂ ಗುರುತು ಉಳಿಯುತ್ತದೆ. ತೀರ್ಪು ಬಂದ ಕೇಸೂ ಮುಗಿದಿರುವುದಿಲ್ಲ. ಅಪೀಲು ಇರುತ್ತದೆ, ಅಪೀಲಿನಲ್ಲಿ ತೀರ್ಪು ರದ್ದಾದರೆ ಮರುವಿಚಾರಣೆಯೂ ಬರಬಹುದು, ಆಗ ಅದೇ ಸಾಕ್ಷಿಗಳು ಮತ್ತೆ ಬಂದು ಅದೇ ಮಾತು ಹೇಳಬೇಕಾಗುತ್ತದೆ.

ಈ ಹಂತದ ವಿಷಯದಲ್ಲಿ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ತರ. ಬ್ರಿಟನ್ನಿನ 1981ರ ನ್ಯಾಯಾಂಗ ನಿಂದನೆ ಕಾಯ್ದೆ ಪ್ರಕಾರ ಬಂಧನ ಆದ ಕ್ಷಣದಿಂದಲೇ ಕೇಸು ಚಾಲ್ತಿಯಲ್ಲಿದೆ ಅಂತ ಲೆಕ್ಕ. ಅಲ್ಲಿಂದ ಮುಂದೆ ವಿಚಾರಣೆಗೆ ಗಂಭೀರ ಧಕ್ಕೆ ತರುವಂಥದ್ದನ್ನು ಪ್ರಕಟಿಸಿದರೆ, 'ನನಗೆ ಆ ಉದ್ದೇಶ ಇರಲಿಲ್ಲ' ಅಂದರೂ ನಡೆಯುವುದಿಲ್ಲ. 2010ರ ಕೊನೆಯಲ್ಲಿ ಬ್ರಿಸ್ಟಲ್‌ನಲ್ಲಿ ಒಬ್ಬ ಯುವತಿಯ ಕೊಲೆಯಾಯಿತು. ಪೊಲೀಸರು ಮೊದಲು ಕರೆದೊಯ್ದದ್ದು ಆಕೆಯ ಮನೆ ಮಾಲೀಕರನ್ನು. ಅವರ ಕೂದಲು, ಅವರ ಮಾತಿನ ಶೈಲಿ, ಅವರು ಒಂಟಿಯಾಗಿ ಇರುವುದು ಎಲ್ಲವೂ ಪತ್ರಿಕೆಗಳಿಗೆ ಸಾಕ್ಷ್ಯದಂತೆ ಕಂಡವು. ಆಮೇಲೆ ಸಿಕ್ಕಿದ ಕೊಲೆಗಾರ ಬೇರೆಯವನು. ಮನೆ ಮಾಲೀಕರ ಮೇಲೆ ಕೇಸೇ ದಾಖಲಾಗಲಿಲ್ಲ, ಅವರ ವಿಚಾರಣೆ ನಡೆಯುವ ಪ್ರಶ್ನೆಯೇ ಬರಲಿಲ್ಲ. ಆದರೂ 2011ರಲ್ಲಿ ಎರಡು ಪತ್ರಿಕೆಗಳಿಗೆ ನ್ಯಾಯಾಂಗ ನಿಂದನೆಯ ದಂಡ ಬಿತ್ತು, ಎಂಟು ಪತ್ರಿಕೆಗಳು ಮಾನಹಾನಿಗೆ ಪರಿಹಾರ ಕೊಟ್ಟವು.

ಅಮೆರಿಕದಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿ ವಾಕ್ ಸ್ವಾತಂತ್ರ್ಯದ ರಕ್ಷಣೆ ಗಟ್ಟಿ, ಹಾಗಾಗಿ ಹೊರಗಿನವರ ಬಾಯಿ ಮುಚ್ಚಿಸುವುದು ಕಷ್ಟ. ಅದರ ಬದಲು ಜಡ್ಜ್ ಒಳಗಿನವರನ್ನು ಕಟ್ಟಿಹಾಕುತ್ತಾರೆ. ವಕೀಲರು, ಪೊಲೀಸರು ಮಾತಾಡಬಾರದು ಅಂತ ಆದೇಶ ಕೊಡುತ್ತಾರೆ, ವಿಚಾರಣೆಯನ್ನು ಬೇರೆ ಜಿಲ್ಲೆಗೆ ಒಯ್ಯುತ್ತಾರೆ, ಜ್ಯೂರಿಯವರನ್ನು, ಅಂದರೆ ಅಪರಾಧಿಯೋ ಅಲ್ಲವೋ ಅಂತ ಹೇಳಲು ಆರಿಸಿದ ಸಾಮಾನ್ಯ ಜನರನ್ನು, ಹೋಟೆಲಿನಲ್ಲಿ ಕೂಡಿಹಾಕುತ್ತಾರೆ. ಐಡಾಹೊದಲ್ಲಿ 2022ರ ನವೆಂಬರ್‌ನಲ್ಲಿ ನಾಲ್ವರು ವಿದ್ಯಾರ್ಥಿಗಳ ಕೊಲೆಯಾದ ಕೇಸಿನಲ್ಲಿ ಬಾಯಿ ಮುಚ್ಚಿಸುವ ಆದೇಶವೂ ಬಂತು, 2024ರಲ್ಲಿ ವಿಚಾರಣೆ ಆ ಊರಿನಿಂದ ಬಾಯ್ಸಿ ನಗರಕ್ಕೂ ಹೋಯಿತು. ಪ್ರತಿ ವರ್ಗಾವಣೆಯೂ ತಡ, ಪ್ರತಿ ತಡವೂ ಸತ್ತವರ ಮನೆಯವರ ತಲೆ ಮೇಲೆ. ನಮ್ಮ ಕುತೂಹಲದ ಬಿಲ್ಲು ಅಲ್ಲಿ ಪಾವತಿಯಾಗುತ್ತದೆ ಅನ್ನುವುದು ನಮಗೆ ಕಾಣಿಸುವುದೇ ಇಲ್ಲ.

ಸಾಕ್ಷಿಗಳ ಹತ್ತಿರ ಹೋಗಬೇಡಿ

ಇದೇ ಎಲ್ಲಕ್ಕಿಂತ ಮುಖ್ಯ, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ.

ನೆನಪು ಅನ್ನುವುದು ಪೆಟ್ಟಿಗೆಯಲ್ಲಿ ಮಡಿಸಿಟ್ಟ ಬಟ್ಟೆಯಲ್ಲ, ತೆಗೆದಾಗ ಇಟ್ಟ ಹಾಗೇ ಸಿಗುವುದಿಲ್ಲ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವ ಮನಶ್ಶಾಸ್ತ್ರ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕಾರು ಅಪಘಾತದ ಸಿನಿಮಾ ತುಣುಕು ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಅಂತ ಕೇಳಿದರು. ಕೆಲವರಿಗೆ 'ತಾಗಿದಾಗ' ಅಂತ ಕೇಳಿದರು, ಕೆಲವರಿಗೆ 'ಅಪ್ಪಳಿಸಿದಾಗ' ಅಂತ ಕೇಳಿದರು. ಅಷ್ಟೇ ವ್ಯತ್ಯಾಸ. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರು ಜಾಸ್ತಿ ವೇಗ ಹೇಳಿದರು. ಇಂಥದೇ ಇನ್ನೊಂದು ಸುತ್ತಿನಲ್ಲಿ ಒಂದು ವಾರ ಬಿಟ್ಟು ಕರೆದು 'ಒಡೆದ ಗಾಜು ನೋಡಿದಿರಾ' ಅಂತ ಕೇಳಿದರೆ, ಆ ಗುಂಪಿನ 32% ಜನ ಹೌದು ಅಂದರು. 'ತಾಗಿದಾಗ' ಗುಂಪಿನಲ್ಲಿ ಹಾಗಂದವರು 14%. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ! ಒಂದೇ ಒಂದು ಕ್ರಿಯಾಪದ ಇಷ್ಟು ಮಾಡುತ್ತದೆ ಅಂದರೆ, ಹಿನ್ನೆಲೆ ಸಂಗೀತ ಹಾಕಿದ ಹದಿನಾರು ಎಪಿಸೋಡು ಏನು ಮಾಡಬಹುದು ಅಂತ ನೀವೇ ಯೋಚಿಸಿ.

ಇದು ನಿಜವಾಗಿ ಕೋರ್ಟಿಗೆ ಬಂದದ್ದು ಆಸ್ಟ್ರೇಲಿಯಾದಲ್ಲಿ. 1982ರ ಜನವರಿಯಲ್ಲಿ ಸಿಡ್ನಿಯ ಲಿನೆಟ್ ಡಾಸನ್ ಕಾಣೆಯಾದರು. ಅವರ ಸಾವು ಹೇಗಾಯಿತು ಅಂತ ತಿಳಿಯುವ ವಿಚಾರಣೆ 2001 ಮತ್ತು 2003ರಲ್ಲಿ ಎರಡು ಸಲ ನಡೆದು, ಎರಡರಲ್ಲೂ ಕೇಸು ಹಾಕಬೇಕು ಅಂತಲೇ ಶಿಫಾರಸು ಬಂತು. ಪ್ರಾಸಿಕ್ಯೂಷನ್ನಿನವರು, ಅಂದರೆ ಸರ್ಕಾರದ ಪರ ಕೇಸು ನಡೆಸುವವರು, ಸಾಕ್ಷ್ಯ ಸಾಲದು ಅಂತ ಮುಂದುವರಿಯಲಿಲ್ಲ. 2018ರಲ್ಲಿ 'ದ ಟೀಚರ್ಸ್ ಪೆಟ್' ಅನ್ನುವ ಪಾಡ್‌ಕಾಸ್ಟ್ ಬಂತು, ಕೋಟಿಗಟ್ಟಲೆ ಸಲ ಡೌನ್‌ಲೋಡ್ ಆಯಿತು, ಹೊಸ ಜನ ಮುಂದೆ ಬಂದು ಮಾತಾಡಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಗಂಡ ಕ್ರಿಸ್ ಡಾಸನ್ ಬಂಧನವಾಯಿತು. ಕತೆ ಇಲ್ಲಿಗೆ ನಿಲ್ಲಿಸಿದರೆ ಪಾಡ್‌ಕಾಸ್ಟ್ ಗೆದ್ದ ಹಾಗೆ. ನಾನೂ ಆಗ ಹಾಗೇ ಅಂದುಕೊಂಡಿದ್ದೆ.

ಆದರೆ ಮುಂದಿನದು ಕೇಳಿ. 2019ರಲ್ಲಿ, ವಿಚಾರಣೆಗೆ ತೊಂದರೆ ಆಗಬಾರದು ಅಂತ, ಆ ಪಾಡ್‌ಕಾಸ್ಟನ್ನೇ ಆಸ್ಟ್ರೇಲಿಯಾದಲ್ಲಿ ಕೇಳಲು ಸಿಗದಂತೆ ತೆಗೆಯಬೇಕಾಯಿತು. ಆರೋಪಿ ಪರ ವಕೀಲರು ಕೇಸನ್ನೇ ಶಾಶ್ವತವಾಗಿ ನಿಲ್ಲಿಸಿ ಅಂತ ಕೇಳಿದರು. ಪ್ರಚಾರದಿಂದ ಎಷ್ಟು ಕೆಟ್ಟಿದೆ ಅಂದರೆ ನ್ಯಾಯಯುತ ವಿಚಾರಣೆಯೇ ಸಾಧ್ಯವಿಲ್ಲ ಅನ್ನುವುದು ಅವರ ವಾದ. ನ್ಯಾಯಾಧೀಶರು ಅದನ್ನು ಒಪ್ಪಲಿಲ್ಲ, ಆದರೆ ಸದ್ದು ತಣ್ಣಗಾಗಲಿ ಅಂತ 2020ರಲ್ಲಿ ಕೇಸನ್ನು ತಿಂಗಳುಗಟ್ಟಲೆ ತಡೆಹಿಡಿದರು. ಕೊನೆಗೆ 2022ರಲ್ಲಿ ವಿಚಾರಣೆ ನಡೆದದ್ದು ಜ್ಯೂರಿ ಇಲ್ಲದೆ, ಒಬ್ಬರೇ ನ್ಯಾಯಾಧೀಶರ ಮುಂದೆ. ಅವರು ಆಗಸ್ಟ್ 30ರಂದು ಅಪರಾಧಿ ಅಂತ ತೀರ್ಪು ಕೊಟ್ಟರು. ಕೊಡುವಾಗಲೇ, ಪಾಡ್‌ಕಾಸ್ಟ್ ಒಂದು ಕಡೆಗೆ ವಾಲಿತ್ತು, ಕೆಲವರ ಸಾಕ್ಷ್ಯವನ್ನು ಅದು ಕೆಡಿಸಿರಬಹುದು ಅಂತಲೂ ಹೇಳಿದರು. ಅಂದರೆ ಶಿಕ್ಷೆ ಆದದ್ದು ಬಹುಮಟ್ಟಿಗೆ ಪಾಡ್‌ಕಾಸ್ಟ್ ಮುಟ್ಟದ ಸಾಕ್ಷ್ಯದ ಬಲದಿಂದ. ಆ ಸಾಕ್ಷ್ಯ ಸ್ವಲ್ಪ ದುರ್ಬಲವಾಗಿದ್ದಿದ್ದರೆ? ಲಕ್ಷಾಂತರ ಜನರ ಪ್ರೀತಿ, ಕಾಳಜಿ ಎಲ್ಲ ಸೇರಿ ಒಬ್ಬ ಕೊಲೆಗಾರನನ್ನು ಮನೆಗೆ ಕಳಿಸುತ್ತಿತ್ತು.

ಹಾಗಾಗಿ ಮಾಡಬೇಕಾದ್ದು ಇಷ್ಟು. ಸಾಕ್ಷಿ ಅಂತ ಗೊತ್ತಿರುವವರಿಗೆ ಮೆಸೇಜು ಹಾಕಬೇಡಿ. 'ನೀವು ಅವತ್ತು ಏನು ನೋಡಿದಿರಿ ಹೇಳಿ' ಅಂತ ಲೈವಿಗೆ ಕರೆಯಬೇಡಿ. ಒಬ್ಬರು ಕೋರ್ಟಿಗೆ ಬರುವ ಮುಂಚೆ ನಾಲ್ಕು ಕಡೆ ನಾಲ್ಕು ತರ ಮಾತಾಡಿದ್ದರೆ, ಸಣ್ಣ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಮನುಷ್ಯ ಟೇಪ್ ರೆಕಾರ್ಡರ್ ಅಲ್ಲವಲ್ಲ. ಪಾಟೀಸವಾಲಿನಲ್ಲಿ ಆ ಒಂದೊಂದು ವ್ಯತ್ಯಾಸವನ್ನೂ ಎತ್ತಿ ಹಿಡಿಯುತ್ತಾರೆ: 'ಆ ವಿಡಿಯೋದಲ್ಲಿ ಕಪ್ಪು ಅಂಗಿ ಅಂದಿರಿ, ಇಲ್ಲಿ ನೀಲಿ ಅನ್ನುತ್ತಿದ್ದೀರಿ.' ವಕೀಲರು ಅವರ ಕೆಲಸ ಮಾಡುತ್ತಿದ್ದಾರೆ, ತಪ್ಪಿಲ್ಲ. ತಪ್ಪು ಲೈವಿಗೆ ಕರೆದವರದು.

ಮುಖ ಗುರುತಿಸುವ ಆಟ ಆಡಬೇಡಿ

ಗುರುತು ಪತ್ತೆ ಪರೇಡ್ ಅಂತ ಒಂದಿದೆ ಗೊತ್ತಲ್ವಾ? ಒಂದೇ ತರ ಕಾಣುವ ಕೆಲವರ ನಡುವೆ ಆರೋಪಿಯನ್ನು ನಿಲ್ಲಿಸಿ, ಸಾಕ್ಷಿ ಗುರುತು ಹಿಡಿಯುತ್ತಾರಾ ಅಂತ ನೋಡುವುದು. ಇದರ ಪೂರ್ತಿ ಬೆಲೆ ನಿಂತಿರುವುದು ಸಾಕ್ಷಿ ಆ ಮುಖವನ್ನು ಘಟನೆಯ ದಿನ ಬಿಟ್ಟು ಬೇರೆಲ್ಲೂ ನೋಡಿಲ್ಲ ಅನ್ನುವುದರ ಮೇಲೆ. ಬಂಧನವಾದ ಗಂಟೆಯೊಳಗೆ ಆರೋಪಿಯ ಮದುವೆ ಫೋಟೋದಿಂದ ಹಿಡಿದು ಕಾಲೇಜು ಐಡಿ ತನಕ ಎಲ್ಲರ ಫೋನಿಗೂ ಬಂದರೆ, ಆ ಪರೇಡಿಗೆ ಅರ್ಥವೇನು? ಆರೋಪಿಗೆ ಮುಸುಕು ಹಾಕಿ ಕರೆತರುವುದನ್ನು ನೋಡಿ 'ಇವನಿಗೇನು ಮರ್ಯಾದೆ' ಅಂತ ಬೈಯುವವರು ತುಂಬಾ ಜನ. ಆ ಮುಸುಕು ಅವನ ಮರ್ಯಾದೆಗಲ್ಲ, ಬಹಳ ಸಲ ಪ್ರಾಸಿಕ್ಯೂಷನ್ನಿನ ಸಾಕ್ಷ್ಯ ಉಳಿಸಲು.

ಇನ್ನು ನಾವೇ ಪತ್ತೇದಾರರಾಗಿ ಮುಖ ಹುಡುಕುವುದು. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರ ರೆಡಿಟ್‌ನಲ್ಲಿ ಸಾವಿರಾರು ಜನ ಫೋಟೋಗಳ ಮೇಲೆ ಕೆಂಪು ವೃತ್ತ ಹಾಕುತ್ತಾ ಕೂತರು. ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯೇ ಬಾಂಬ್ ಇಟ್ಟವನು ಅಂತ ತೀರ್ಮಾನ ಮಾಡಿದರು. ಆ ಹುಡುಗನಿಗೂ ಸ್ಫೋಟಕ್ಕೂ ಯಾವ ಸಂಬಂಧವೂ ಇರಲಿಲ್ಲ, ಅವನು ಅಷ್ಟರಲ್ಲಿ ತೀರಿಹೋಗಿದ್ದ. ಅವನ ಮನೆಯವರು ಮಗನನ್ನು ಹುಡುಕುತ್ತಾ, ಜೊತೆಗೆ ಈ ಬೈಗುಳವನ್ನೂ ತಿಂದರು. ಐಡಾಹೊ ಕೇಸಿನಲ್ಲೂ ಇದೇ. ಟಿಕ್‌ಟಾಕ್‌ನಲ್ಲಿ ಒಬ್ಬರು ಆ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯೇ ಕೊಲೆ ಮಾಡಿಸಿದ್ದು ಅಂತ ವಿಡಿಯೋ ಮೇಲೆ ವಿಡಿಯೋ ಹಾಕಿದರು. ಪ್ರಾಧ್ಯಾಪಕಿ ಕೇಸು ಹಾಕಿದರು, 2024ರಲ್ಲಿ ಕೋರ್ಟು ಅದು ಮಾನಹಾನಿ ಅಂತ ಹೇಳಿತು. ಕೊನೆಗೆ ತಪ್ಪೊಪ್ಪಿಕೊಂಡವನು ಬೇರೆಯೇ ಮನುಷ್ಯ, 2025ರ ಜುಲೈನಲ್ಲಿ ಅವನಿಗೆ ನಾಲ್ಕು ಜೀವಾವಧಿ ಶಿಕ್ಷೆಯಾಯಿತು.

ತಪ್ಪು ವ್ಯಕ್ತಿಗೆ ಆಗುವ ಅನ್ಯಾಯ ಎಲ್ಲರಿಗೂ ಕಾಣುತ್ತದೆ. ಕಾಣದ್ದು ಇನ್ನೊಂದಿದೆ. ನೀವು ಎಳೆದುತಂದ ಆ ಎರಡನೇ ಹೆಸರು ನಿಜವಾದ ಆರೋಪಿಯ ವಕೀಲರಿಗೆ ವರ. 'ಇವರ ಮೇಲೂ ಅನುಮಾನ ಇತ್ತಲ್ಲ, ಯಾಕೆ ತನಿಖೆ ಮಾಡಲಿಲ್ಲ?' ಅಂತ ತನಿಖಾಧಿಕಾರಿಯನ್ನು ನಿಲ್ಲಿಸಿ ಕೇಳಬಹುದು. ಸಂಶಯದ ಲಾಭ ಅನ್ನುವುದು ಹುಟ್ಟುವುದೇ ಹೀಗೆ.

ನಿಜವಾಗಲೂ ಏನಾದರೂ ಗೊತ್ತಿದ್ದರೆ

ಆಗ ಸುಮ್ನೆ ಕೂರಬೇಡಿ. ಕುತೂಹಲಿಗಳು ಕೇಸಿಗೆ ಉಪಕಾರ ಮಾಡಿದ್ದೂ ಉಂಟು. 2021ರಲ್ಲಿ ಅಮೆರಿಕದಲ್ಲಿ ವ್ಯಾನಿನಲ್ಲಿ ಪ್ರವಾಸ ಹೊರಟಿದ್ದ ಯುವತಿಯೊಬ್ಬಳು ಕಾಣೆಯಾದಾಗ, ಅದೇ ದಾರಿಯಲ್ಲಿ ಹೋಗಿದ್ದ ಒಂದು ಕುಟುಂಬ ತಮ್ಮ ವಿಡಿಯೋ ತಿರುಗಿಸಿ ನೋಡಿತು. ರಸ್ತೆ ಪಕ್ಕ ನಿಂತಿದ್ದ ಬಿಳಿ ವ್ಯಾನು ಅದರಲ್ಲಿತ್ತು. ಎಫ್‌ಬಿಐಗೆ ತಿಳಿಸಿದರು. ವಯೋಮಿಂಗ್‌ನ ಆ ಆಸುಪಾಸಿನಲ್ಲೇ ಶವ ಸಿಕ್ಕಿತು. ಅವರು ಮಾಡಿದ್ದು ಊಹೆಯಲ್ಲ, ತಮ್ಮ ಹತ್ತಿರ ಇದ್ದ ವಸ್ತುವನ್ನು ಕೊಟ್ಟರು.

ಕೊಡುವ ಕ್ರಮ ಹೀಗಿರಲಿ. ಗೊತ್ತಿರುವುದನ್ನು ಮೊದಲು ಕಾಗದದ ಮೇಲೆ ಬರೆಯಿರಿ, ದಿನಾಂಕ ಹಾಕಿ, ಸಹಿ ಮಾಡಿ. ಇದನ್ನು ಬೇರೆ ಯಾವ ಸುದ್ದಿಯನ್ನೂ ಓದುವ ಮುಂಚೆ ಮಾಡಿ, ಆಮೇಲೆ ಓದಿದ್ದು ಯಾವುದು, ಕಂಡದ್ದು ಯಾವುದು ಅಂತ ನಿಮಗೇ ಗೊತ್ತಾಗುವುದಿಲ್ಲ. ಕಂಡದ್ದನ್ನು ಮಾತ್ರ ಬರೆಯಿರಿ, 'ಹಾಗಿರಬೇಕು' ಅನ್ನಿಸಿದ್ದನ್ನು ಬೇಡ. ವಿಡಿಯೋ ಇದ್ದರೆ ಅದನ್ನು ಕತ್ತರಿಸಬೇಡಿ, ಬೆಳಕು ಹೆಚ್ಚಿಸಬೇಡಿ, ಮೂಲ ಫೈಲು ಇರುವ ಫೋನನ್ನೇ ಹಾಗೇ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಕಳಿಸಿದರೆ ಫೈಲು ಕುಗ್ಗುತ್ತದೆ, ಅದರೊಳಗಿನ ಸಮಯ, ಸ್ಥಳದ ಮಾಹಿತಿ ಹೋಗಬಹುದು. ತನಿಖಾಧಿಕಾರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಆಮೇಲೆ ಬಾಯಿ ಮುಚ್ಚಿಕೊಳ್ಳಿ. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ, ಒಪ್ಪುತ್ತೇನೆ.

ಬಾಯಿ ಮುಚ್ಚಿಕೊಳ್ಳಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಪೊಲೀಸರು ಕೆಲವು ವಿವರಗಳನ್ನು ಬೇಕಂತಲೇ ಹೊರಗೆ ಬಿಡುವುದಿಲ್ಲ. ಗಂಟು ಹೇಗೆ ಹಾಕಿತ್ತು, ಯಾವ ಬಾಗಿಲು ತೆರೆದಿತ್ತು, ಇಂಥವು. ಕೊಂದವನಿಗೆ ಮಾತ್ರ ಗೊತ್ತಿರುವ ವಿಷಯ ಅದು, ತಪ್ಪೊಪ್ಪಿಗೆ ನಿಜವೋ ಸುಳ್ಳೋ ಅಂತ ತೂಗುವ ತಕ್ಕಡಿ. ಪ್ರಸಿದ್ಧ ಕೇಸುಗಳಿಗೆ ಸುಳ್ಳು ತಪ್ಪೊಪ್ಪಿಗೆದಾರರೂ ಬರುತ್ತಾರೆ, ನಂಬಿ. ಅಮೆರಿಕದಲ್ಲಿ 1996ರಲ್ಲಿ ಜಾನ್‌ಬೆನೆ ರಾಮ್ಸೆ ಅನ್ನುವ ಆರು ವರ್ಷದ ಬಾಲಕಿಯ ಕೊಲೆಯಾಯಿತು. ಹತ್ತು ವರ್ಷದ ನಂತರ ಥಾಯ್ಲೆಂಡಿನಲ್ಲಿ ಸಿಕ್ಕ ಒಬ್ಬ ಅವಳ ಸಾವಿನ ಹೊತ್ತಿನಲ್ಲಿ ತಾನು ಅಲ್ಲಿದ್ದೆ ಅಂತ ಪತ್ರಕರ್ತರ ಮುಂದೆ ಹೇಳಿಕೊಂಡ. ಡಿಎನ್‌ಎ ಹೊಂದಲಿಲ್ಲ, ಕೇಸು ಕೈಬಿಟ್ಟರು. ಆ ಗುಟ್ಟಿನ ವಿವರವನ್ನು ನೀವು ಎಲ್ಲಿಂದಲೋ ತಂದು ಪೋಸ್ಟ್ ಮಾಡಿದಿರಿ ಅಂದರೆ, ಆ ತಕ್ಕಡಿ ಮುರಿದಂತೆ.

ಸೋರಿಕೆಯಾದ ಫೋಟೋ ಬಂದರೆ

ಫಾರ್ವರ್ಡ್ ಮಾಡಬೇಡಿ. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಇಂಡಿಯಾನಾದ ಡೆಲ್ಫಿಯಲ್ಲಿ 2017ರಲ್ಲಿ ಇಬ್ಬರು ಹುಡುಗಿಯರ ಕೊಲೆಯಾಗಿತ್ತು. 2023ರಲ್ಲಿ ಆರೋಪಿ ಪರ ವಕೀಲರೊಬ್ಬರ ಆಫೀಸಿನಿಂದ ಘಟನಾ ಸ್ಥಳದ ಫೋಟೋಗಳು ಹೊರಗೆ ಹೋಗಿ, ಕ್ರೈಂ ವಿಡಿಯೋ ಮಾಡುವವರ ಕೈ ಸೇರಿದವು. ಜಡ್ಜ್ ಕೋಪಗೊಂಡು ಆ ವಕೀಲರನ್ನು ಕೇಸಿನಿಂದ ಹೊರಗಿಟ್ಟರು, ರಾಜ್ಯದ ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ ಅವರನ್ನು ವಾಪಸ್ ತಂದಿತು. ಈ ಜಗ್ಗಾಟದಲ್ಲಿ 2024ರ ಜನವರಿಗೆ ನಿಗದಿಯಾಗಿದ್ದ ವಿಚಾರಣೆ ಅಕ್ಟೋಬರ್‌ಗೆ ಹೋಯಿತು. ಕೆಲವು ಫೋಟೋಗಳಿಗಾಗಿ ಒಂಬತ್ತು ತಿಂಗಳು. ಸತ್ತ ಮಕ್ಕಳ ತಂದೆ ತಾಯಿ ಆ ಫೋಟೋ ಎಲ್ಲಿ ಕಣ್ಣಿಗೆ ಬೀಳುತ್ತೋ ಅಂತ ಫೋನು ಮುಟ್ಟಲು ಹೆದರುವ ಸ್ಥಿತಿ ಬೇರೆ.

ಎಡಿಟಿಂಗ್ ಮಾಡುವವನ ಕಣ್ಣಿನಿಂದ ನೋಡಿ

ನಾವು ನೋಡುವುದು ಕೇಸನ್ನಲ್ಲ, ಕೇಸಿನ ಬಗ್ಗೆ ಒಬ್ಬರು ಹೆಣೆದ ಕತೆಯನ್ನು. ಪ್ರತಿ ಎಪಿಸೋಡಿನ ಕೊನೆಯಲ್ಲಿ ಒಂದು ತಿರುವು ಬೇಕೇ ಬೇಕು, ನಿಜವಾದ ತನಿಖೆಯಲ್ಲಿ ಆರು ತಿಂಗಳು ಏನೂ ಆಗದೆ ಇರಬಹುದು.

ಗೆಳತಿಯನ್ನು ಕೊಂದ ಆರೋಪ ಹೊತ್ತಿದ್ದ ಅಮೆರಿಕದ ಶ್ರೀಮಂತ ರಾಬರ್ಟ್ ಡರ್ಸ್ಟ್ ಕೇಸು ನೆನಪಿದೆಯಾ? 2015ರ ಸಾಕ್ಷ್ಯಚಿತ್ರ ಸರಣಿಯ ಕೊನೆಯ ಕಂತಿನಲ್ಲಿ, ಮೈಕು ಇನ್ನೂ ಆನ್ ಇದೆ ಅಂತ ಮರೆತು ಬಾತ್‌ರೂಮಿನಲ್ಲಿ ತನ್ನಷ್ಟಕ್ಕೆ ಗೊಣಗಿದ ಮಾತು. 'ನಾನೇನು ಮಾಡಿದೆ? ಎಲ್ಲರನ್ನೂ ಕೊಂದೆ, ಮತ್ತೇನು' ಅನ್ನುವ ಅರ್ಥದ ಸಾಲು. ಜಗತ್ತೇ ಬೆಚ್ಚಿಬಿತ್ತು. ಪ್ರಸಾರದ ಹಿಂದಿನ ದಿನವೇ ಅವನ ಬಂಧನವಾಗಿತ್ತು. 2019ರಲ್ಲಿ ಕೋರ್ಟಿಗೆ ಪೂರ್ತಿ ದಾಖಲೆ ಬಂದಾಗ ತಿಳಿದದ್ದೇನೆಂದರೆ, ಆ ಎರಡು ವಾಕ್ಯಗಳು ಮೂಲದಲ್ಲಿ ಒಂದರ ಹಿಂದೆ ಒಂದು ಇರಲಿಲ್ಲ. ಹಿಂದೆ ಮುಂದೆ ಮಾಡಿ ಜೋಡಿಸಲಾಗಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಜ್ಯೂರಿ ಅವನನ್ನು ಅಪರಾಧಿ ಅಂದಿತು ನಿಜ. ಆದರೆ ಪ್ರಾಸಿಕ್ಯೂಷನ್ನಿಗೆ ಚಿನ್ನದಂಥ ಮಾತೊಂದು ಸಿಕ್ಕಿದ್ದಾಗ, ಅದರ ಜೊತೆಗೆ 'ಇದನ್ನು ತಿರುಚಿದ್ದಾರೆ' ಅನ್ನುವ ವಾದವನ್ನೂ ಆರೋಪಿಗೆ ಉಚಿತವಾಗಿ ಕೊಡಬೇಕಿತ್ತಾ?

ನಾನು ಮಾಡುವ ಉಪಾಯ ಒಂದಿದೆ. ಸರಣಿ ನೋಡುವಾಗ ಒಂದು ಚೀಟಿಯಲ್ಲಿ ಎರಡು ಸಾಲು ಬರೆದುಕೊಳ್ಳುತ್ತೇನೆ, ಇದರಲ್ಲಿ ಮಾತಾಡಲು ಒಪ್ಪಿದವರು ಯಾರು, ಒಪ್ಪದವರು ಯಾರು ಅಂತ. ಎಷ್ಟೋ ಸಲ ಪ್ರಾಸಿಕ್ಯೂಟರ್ ಮಾತಾಡಿರುವುದಿಲ್ಲ, ಅಪೀಲು ಬಾಕಿ ಇರುವಾಗ ಮಾತಾಡುವ ಹಾಗೂ ಇರುವುದಿಲ್ಲ. ಕ್ಯಾಮೆರಾ ಮುಂದೆ ಬಾರದವರೆಲ್ಲ ಏನೋ ಮುಚ್ಚಿಡುತ್ತಿದ್ದಾರೆ ಅಂತ ನಮಗೆ ಅನ್ನಿಸಿಬಿಡುತ್ತದೆ. ಆಮೇಲೆ ಒಂದು ವಾರ ಬಿಟ್ಟು ಕೋರ್ಟಿನ ತೀರ್ಪು ಓದುತ್ತೇನೆ. ಸರಣಿಯಲ್ಲಿ ಬರದ ಸಾಕ್ಷ್ಯ ಅದರಲ್ಲಿ ಇದ್ದೇ ಇರುತ್ತದೆ.

ಸಹಿ ಸಂಗ್ರಹಕ್ಕೂ ಇದೇ ಮಾತು. ಅಮೆರಿಕದಲ್ಲಿ ಕೊಲೆ ಕೇಸಿನಲ್ಲಿ ಶಿಕ್ಷೆಯಾದ ಸ್ಟೀವನ್ ಎವರಿ ಬಗ್ಗೆ 2015ರ ಕೊನೆಯಲ್ಲಿ ಸರಣಿ ಬಂದ ಮೇಲೆ ಲಕ್ಷಕ್ಕೂ ಜಾಸ್ತಿ ಜನ ಶ್ವೇತಭವನಕ್ಕೆ ಅರ್ಜಿ ಹಾಕಿದರು, ಕ್ಷಮಾದಾನ ಕೊಡಿ ಅಂತ. ಶ್ವೇತಭವನ ತಣ್ಣಗೆ ಉತ್ತರ ಬರೆಯಿತು: ಇದು ರಾಜ್ಯದ ಕೇಸು, ಅಧ್ಯಕ್ಷರಿಗೆ ಆ ಅಧಿಕಾರವೇ ಇಲ್ಲ. ಸಹಿ ಹಾಕುವ ಮುಂಚೆ ಯಾರ ಕೈಯಲ್ಲಿ ಏನಿದೆ ಅಂತ ಐದು ನಿಮಿಷ ಓದಿದ್ದರೆ ಆಗುತ್ತಿತ್ತು.

ಗದ್ದಲ ಪ್ರಾಸಿಕ್ಯೂಟರ್ ಮೇಲೆ ಏನು ಮಾಡುತ್ತದೆ

ಸರ್ಕಾರಿ ವಕೀಲರೂ ಮನುಷ್ಯರೇ. ಊರಿಗೆ ಊರೇ ನೋಡುತ್ತಿರುವಾಗ ದುರ್ಬಲ ಕೇಸನ್ನು ಕೈಬಿಡುವ ಧೈರ್ಯ ಕಡಿಮೆಯಾಗುತ್ತದೆ, ದೊಡ್ಡ ಆರೋಪ ಹಾಕುವ ಆಸೆ ಜಾಸ್ತಿಯಾಗುತ್ತದೆ. ಅಮೆರಿಕದಲ್ಲಂತೂ ಜಿಲ್ಲಾ ಪ್ರಾಸಿಕ್ಯೂಟರ್ ಚುನಾವಣೆಯಲ್ಲಿ ಗೆದ್ದು ಬರುವವರು. ತಂದೆ ತಾಯಿಯನ್ನು 1989ರಲ್ಲಿ ಕೊಂದ ಮೆನೆಂಡೆಜ್ ಸಹೋದರರ ಬಗ್ಗೆ 2024ರ ಸೆಪ್ಟೆಂಬರ್‌ನಲ್ಲಿ ಹೊಸ ಸರಣಿ ಬಂತು. ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್‌ನ ಪ್ರಾಸಿಕ್ಯೂಟರ್ ಅವರ ಶಿಕ್ಷೆ ಕಡಿಮೆ ಮಾಡಬೇಕು ಅಂತ ಶಿಫಾರಸು ಮಾಡಿದರು. ನವೆಂಬರ್‌ನಲ್ಲಿ ಚುನಾವಣೆಯಲ್ಲಿ ಸೋತರು. ಹೊಸದಾಗಿ ಬಂದವರು ಆ ಶಿಫಾರಸನ್ನು ವಿರೋಧಿಸಿದರು. ಕೋರ್ಟು 2025ರ ಮೇನಲ್ಲಿ ಶಿಕ್ಷೆ ಬದಲಿಸಿತು, ಆಗಸ್ಟ್‌ನಲ್ಲಿ ಪೆರೋಲ್ ಮಂಡಳಿ ಬಿಡುಗಡೆ ಬೇಡ ಅಂದಿತು. ಸರಣಿಯಿಂದಲೇ ಹೀಗಾಯಿತು ಅಂತ ನಾನು ಹೇಳುವುದಿಲ್ಲ, ಕೇಸಿನಲ್ಲಿ ಹೊಸ ಸಾಕ್ಷ್ಯದ ವಾದವೂ ಇತ್ತು. ಆದರೆ ದಿನಾಂಕಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ.

ಇದಕ್ಕೆಲ್ಲ ಅಜ್ಜನಂಥ ಕೇಸು ಡಾಕ್ಟರ್ ಸ್ಯಾಮ್ ಶೆಪರ್ಡ್‌ರದು. 1954ರಲ್ಲಿ ಓಹಾಯೋದ ಕ್ಲೀವ್‌ಲ್ಯಾಂಡ್ ಹತ್ತಿರ ಅವರ ಹೆಂಡತಿಯ ಕೊಲೆಯಾಯಿತು. ಇನ್ನೂ ಬಂಧನವಾಗದೆ ಇದ್ದಾಗಲೇ ಪತ್ರಿಕೆಗಳು 'ಯಾಕೆ ಜೈಲಿಗೆ ಹಾಕಿಲ್ಲ' ಅಂತ ಮುಖಪುಟದಲ್ಲಿ ಕೇಳಿದವು. ಜ್ಯೂರಿಗೆ ಕರೆಸಿದ 75 ಜನರ ಹೆಸರು, ವಿಳಾಸ ಅಚ್ಚಾದವು, ಅವರಿಗೆಲ್ಲ ಪತ್ರ, ಫೋನು. ವಿಚಾರಣೆ ನಡೆಸಿದ ಜಡ್ಜೂ, ಪ್ರಾಸಿಕ್ಯೂಟರೂ ಇಬ್ಬರೂ ಆ ವರ್ಷದ ನವೆಂಬರ್ ಚುನಾವಣೆಗೆ ನಿಂತಿದ್ದರು. ಪತ್ರಕರ್ತರಿಗೆ ಕೋರ್ಟಿನ ಕಟಾಂಜನದ ಒಳಗೇ ಮೇಜು ಹಾಕಿಕೊಟ್ಟಿದ್ದರು, ಆರೋಪಿ ತನ್ನ ವಕೀಲರ ಜೊತೆ ಗುಟ್ಟಾಗಿ ಮಾತಾಡಬೇಕು ಅಂದರೆ ಕೋರ್ಟಿನಿಂದ ಹೊರಗೆ ಹೋಗಬೇಕಿತ್ತು. ಶಿಕ್ಷೆಯಾಯಿತು. ಹನ್ನೆರಡು ವರ್ಷದ ನಂತರ, 1966ರಲ್ಲಿ, ಸುಪ್ರೀಂ ಕೋರ್ಟು ಇದು ಜಾತ್ರೆಯಂತಿತ್ತು, ವಿಚಾರಣೆಯಂತಲ್ಲ ಅನ್ನುವ ಅರ್ಥದಲ್ಲಿ ಬರೆದು ತೀರ್ಪು ರದ್ದು ಮಾಡಿತು. ಮರುವಿಚಾರಣೆಯಲ್ಲಿ ಖುಲಾಸೆ. ಅವರು ನಿರಪರಾಧಿಯೋ ಅಪರಾಧಿಯೋ, ಇವತ್ತಿಗೂ ಜಗಳವಿದೆ. ಅವರು ಅಪರಾಧಿ ಅಂತ ನಂಬುವವರಿಗೆ ನಾನು ಕೇಳುವುದು ಇಷ್ಟೇ, ಹಾಗಾದರೆ ಆ ಗದ್ದಲ ಅವರನ್ನು ಉಳಿಸಿತಲ್ಲ?

'ಜ್ಯೂರಿ ಇರುವ ದೇಶಗಳ ಕತೆ ಇದು' ಅನ್ನಬೇಡಿ. ಭಾರತದಲ್ಲಿ ಜ್ಯೂರಿ ಇದ್ದಾಗ, 1959ರ ನಾನಾವತಿ ಕೇಸಿನಲ್ಲಿ, ಬ್ಲಿಟ್ಜ್ ಪತ್ರಿಕೆ ಆರೋಪಿಯ ಪರ ಅಲೆ ಎಬ್ಬಿಸಿತು, ಜ್ಯೂರಿ 8-1ರಿಂದ ನಿರಪರಾಧಿ ಅಂದಿತು. ಸೆಷನ್ಸ್ ಜಡ್ಜ್ ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಈಗ ಜ್ಯೂರಿ ಇಲ್ಲ, ಸರಿ. ಆದರೆ 2008ರ ಆರುಷಿ ಕೇಸಿನಲ್ಲಿ ಕೆಟ್ಟದ್ದು ಜಡ್ಜ್ ಹತ್ತಿರ ಬರುವ ಮುಂಚೆ. ಮೊದಲ ದಿನವೇ ಮನೆ ತುಂಬ ಜನ ಓಡಾಡಿ ಘಟನಾ ಸ್ಥಳ ಹಾಳಾಯಿತು. ಕೊನೆಗೆ 2013ರಲ್ಲಿ ಹುಡುಗಿಯ ತಂದೆ ತಾಯಿಗೆ ಶಿಕ್ಷೆ, 2017ರಲ್ಲಿ ಹೈಕೋರ್ಟಿನಿಂದ ಖುಲಾಸೆ. ಕೊಂದವರು ಯಾರು ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

ಬೇರೆಯದೂ ಇದೆ, ಅನ್ಯಾಯವಾಗಬಾರದಲ್ಲ. ಮಿಸಿಸಿಪ್ಪಿಯ ಕರ್ಟಿಸ್ ಫ್ಲವರ್ಸ್‌ರನ್ನು ಒಬ್ಬನೇ ಪ್ರಾಸಿಕ್ಯೂಟರ್ ಒಂದೇ ಕೇಸಿಗೆ ಆರು ಸಲ ವಿಚಾರಣೆಗೆ ಎಳೆದಿದ್ದ. 2018ರಲ್ಲಿ ಒಂದು ಪಾಡ್‌ಕಾಸ್ಟ್ ತಂಡ ಆ ಊರಿನಲ್ಲೇ ತಿಂಗಳುಗಟ್ಟಲೆ ನೆಲೆಸಿ, ಕೋರ್ಟಿನ ಹಳೆಯ ಕಡತಗಳನ್ನು ಕೂತು ಎಣಿಸಿತು. ಆ ಪ್ರಾಸಿಕ್ಯೂಟರ್ ಕಚೇರಿ ಕಪ್ಪು ಜನರನ್ನು ಜ್ಯೂರಿಯಿಂದ ಬಿಳಿಯರಿಗಿಂತ ನಾಲ್ಕು ಪಟ್ಟು ಜಾಸ್ತಿ ಕೈಬಿಡುತ್ತಿತ್ತು ಅಂತ ತೋರಿಸಿತು. ಸುಪ್ರೀಂ ಕೋರ್ಟು 2019ರಲ್ಲಿ ಶಿಕ್ಷೆ ರದ್ದು ಮಾಡಿತು, 2020ರಲ್ಲಿ ಕೇಸು ಕೈಬಿಡಲಾಯಿತು. ವ್ಯತ್ಯಾಸ ಏನು ಗಮನಿಸಿ: ಅವರು ಮುಖ ನೋಡಿ ಊಹಿಸಲಿಲ್ಲ, ಕಾಗದ ಎಣಿಸಿದರು.

ಡಿಎನ್‌ಎ ಎಲ್ಲಿ ಅಂತ ಕೇಳುವ ಚಾಳಿ ಬಿಡಿ

ಇದು ಚಿಕ್ಕದು. 2006ರಲ್ಲಿ ಮಿಷಿಗನ್‌ನಲ್ಲಿ ಜ್ಯೂರಿಗೆ ಬಂದ ಸುಮಾರು ಸಾವಿರ ಜನರನ್ನು ಕೇಳಿದಾಗ, 46% ಜನ ಪ್ರತಿ ಕ್ರಿಮಿನಲ್ ಕೇಸಿನಲ್ಲೂ ವೈಜ್ಞಾನಿಕ ಸಾಕ್ಷ್ಯ ಇರಲೇಬೇಕು ಅಂದರು. ಕ್ರೈಂ ಧಾರಾವಾಹಿ ನೋಡುವವರು ಜಾಸ್ತಿ ಖುಲಾಸೆ ಮಾಡುತ್ತಾರೆ ಅಂತ ಅದೇ ಅಧ್ಯಯನದಲ್ಲಿ ಸಿಗಲಿಲ್ಲ, ಆ ಮಾತನ್ನು ಸ್ವಲ್ಪ ಉಬ್ಬಿಸಿ ಹೇಳುತ್ತಾರೆ. ಆದರೂ ನಿರೀಕ್ಷೆ ಏರಿದೆ. ಎಷ್ಟೋ ಕೇಸುಗಳು ಇವತ್ತಿಗೂ ನಿಲ್ಲುವುದು ಫೋನ್ ದಾಖಲೆ, ಕೊನೆಯ ಸಲ ಜೊತೆಗೆ ಕಂಡವರು, ಹಣದ ವ್ಯವಹಾರ ಇಂಥ ಒಣ ಸಂಗತಿಗಳ ಮೇಲೆ. ಲ್ಯಾಬ್ ವರದಿ ಇಲ್ಲ ಅಂದ ಮಾತ್ರಕ್ಕೆ ಕೇಸು ಟೊಳ್ಳು ಅಲ್ಲ.

ಸತ್ತವರ ಮನೆಯವರನ್ನು ಮರೆಯಬೇಡಿ

ಅದ್ನಾನ್ ಸೈಯದ್ ಕೇಸು 2014ರ 'ಸೀರಿಯಲ್' ಪಾಡ್‌ಕಾಸ್ಟಿನಿಂದ ಜಗತ್ತಿಗೆ ಗೊತ್ತಾಯಿತು. 1999ರಲ್ಲಿ ಅವನ ಮಾಜಿ ಗೆಳತಿಯ ಕೊಲೆ, 2000ದಲ್ಲಿ ಅವನಿಗೆ ಶಿಕ್ಷೆ. 2022ರ ಸೆಪ್ಟೆಂಬರ್‌ನಲ್ಲಿ ಪ್ರಾಸಿಕ್ಯೂಷನ್ನೇ ಕೇಳಿಕೊಂಡು ಶಿಕ್ಷೆ ರದ್ದಾಯಿತು, ಅವನು ಹೊರಗೆ ಬಂದ, ಹೊರಗೆ ಜೈಕಾರ. 2023ರಲ್ಲಿ ಆ ಶಿಕ್ಷೆ ವಾಪಸ್ ಬಂತು, 2024ರಲ್ಲಿ ಮೇರಿಲ್ಯಾಂಡ್‌ನ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಕಾರಣ? ಸತ್ತ ಹುಡುಗಿಯ ಅಣ್ಣತಮ್ಮಂದಿರಲ್ಲಿ ಒಬ್ಬರಿಗೆ ಆ ವಿಚಾರಣೆಗೆ ಖುದ್ದಾಗಿ ಬರುವಷ್ಟು ಮುಂಚೆ ತಿಳಿಸಿರಲಿಲ್ಲ. 2025ರಲ್ಲಿ ಜಡ್ಜ್, ಅನುಭವಿಸಿದ ಜೈಲುವಾಸವೇ ಸಾಕು ಅಂದರು, ಅಪರಾಧಿ ಅನ್ನುವ ತೀರ್ಪು ಮಾತ್ರ ಹಾಗೇ ಇದೆ. ಎಂಟು ವರ್ಷ ಇಡೀ ಜಗತ್ತು ಮಾತಾಡಿದ ಕೇಸಿನಲ್ಲಿ, ಮನೆಯವರಿಗೆ ಸರಿಯಾದ ಹೊತ್ತಿಗೆ ಒಂದು ನೋಟಿಸು ಹೋಗಲಿಲ್ಲ.

ಆದ್ದರಿಂದ ಮನೆಯವರಿಗೆ ಟ್ಯಾಗ್ ಮಾಡಬೇಡಿ, ಅವರ ಪೋಸ್ಟಿನ ಕೆಳಗೆ ನಿಮ್ಮ ಥಿಯರಿ ಬರೆಯಬೇಡಿ, ಸತ್ತವರ ಹೆಸರಿನ ಬದಲು ಕೊಂದವನ ಅಡ್ಡಹೆಸರು ಬಳಸಬೇಡಿ. ಲೈಂಗಿಕ ಅಪರಾಧದ ಕೇಸಾದರೆ ಸಂತ್ರಸ್ತೆಯ ಹೆಸರು, ಫೋಟೋ, ಊರು, ಶಾಲೆ ಯಾವುದನ್ನೂ ಹಾಕಬೇಡಿ. ಭಾರತವೂ ಸೇರಿ ಹಲವು ಕಡೆ ಗುರುತು ಬಯಲು ಮಾಡುವುದೇ ಅಪರಾಧ, ಒಳ್ಳೆಯ ಉದ್ದೇಶದ ಹ್ಯಾಷ್‌ಟ್ಯಾಗ್ ಅಂದರೂ ಕೇಳುವುದಿಲ್ಲ.

ಕೊನೆಗೆ ತೀರ್ಪು ಬಂದ ದಿನ. ಸುದ್ದಿಯ ತಲೆಬರಹ ನೋಡಿ ಹಾರಾಡಬೇಡಿ, ತೀರ್ಪಿನ ಪ್ರತಿ ಇಳಿಸಿಕೊಳ್ಳಿ. ನಾನು ನೇರವಾಗಿ ಸಾಕ್ಷಿಗಳ ಭಾಗಕ್ಕೆ ಹೋಗುತ್ತೇನೆ, ಯಾರನ್ನು ನಂಬಿದ್ದಾರೆ, ಯಾರನ್ನು ಬಿಟ್ಟಿದ್ದಾರೆ, ಯಾಕೆ ಅಂತ. ಡಾಸನ್ ಕೇಸಿನ ತೀರ್ಪು ಓದಿ ಮುಗಿಸಲು ನ್ಯಾಯಾಧೀಶರಿಗೆ ಹತ್ತಿರ ಹತ್ತಿರ ಐದು ಗಂಟೆ ಹಿಡಿಯಿತು, ಲೈವ್ ಬಂತು. ಗಂಟೆಗಟ್ಟಲೆ ಜನ ಕೇಳುತ್ತಾ ಕೂತಿದ್ದರು. ಒಂದೊಂದೇ ಸಾಕ್ಷ್ಯ ಎತ್ತಿಕೊಂಡು, ಇದು ಸಾಲದು, ಇದು ಸಾಲದು, ಇದನ್ನು ಒಪ್ಪುತ್ತೇನೆ, ಇದನ್ನು ಒಪ್ಪುವುದಿಲ್ಲ ಅಂತ. ಹಿನ್ನೆಲೆ ಸಂಗೀತ ಇರಲಿಲ್ಲ. ಸಿಕ್ಕರೆ ಅದನ್ನು ಪೂರ್ತಿ ಕೇಳಿ.